‘ಜಾಲಿಮುಳ್ಳು’ ತಂಡದ ಮೊದಲ ಆಲ್ಬಂ

ಬೆಟಗೇರಿ,
೨೧೯೧ರ ಫೆಬ್ರವರಿ ೩೦

ನೂರೈವತ್ತು ವರ್ಷ ಹಿಂದಿರುವ ಹಿರಿಯರಿಗೆ,

ತಾರೀಖು ತಪ್ಪಿಲ್ಲ, ನಮ್ಮಲ್ಲಿ ಫೆಬ್ರವರಿಗೂ ಮೂವತ್ತು ದಿನ. ನನ್ನ ಮಾತು ನಿಮಗೆ ವಿಚಿತ್ರವಾಗಿ ಕಂಡರೆ ಕ್ಷಮಿಸಿ. ಕೂತಲ್ಲಿ ಕೂರಲಾಗದೆ, ಮೂರು ಸಲ ಹರಿದು ಮತ್ತೆ ಬರೆಯುತ್ತಿರುವ ಕಾಗದವಿದು.

ನಾನು ನೀಲಲೋಚನಾ, ‘ಜಾಲಿಮುಳ್ಳು’ ಎಂಬ, ಕಿರುಚಿ ಹಾಡುವ ಪಂಕ್ ರಾಕ್ ತಂಡದಲ್ಲಿ ಡ್ರಮ್ಸ್ ಬಾರಿಸುವವಳು. ಗಿಟಾರ್ ಹಿಡಿದು ಹಾಡುವವಳು ರಾಚವ್ವ. ನಾವಿಬ್ಬರೇ. ನಮ್ಮ ಕಾಲದಲ್ಲಿ ಹದಗಾರನ ಮುದ್ರೆಯಿಲ್ಲದೆ ಹಾಡು ಹೊರತರುವುದು ಅಪರಾಧ. ಹದಗಾರ ಮನುಷ್ಯನಲ್ಲ, ದನಿಯ ಒಡಕು, ಉಬ್ಬಸ, ತೊದಲು ಎಲ್ಲವನ್ನೂ ತೆಗೆದು ನುಣುಪು ಮಾಡುವ ಯಂತ್ರ. ಸೋಬಾನೆ ಪದದಿಂದ ಹಿಡಿದು ಬಸ್ಸಿನಲ್ಲಿ ಹಾಕುವ ಹಾಡಿನವರೆಗೆ ಎಲ್ಲವೂ ಅದರ ಕೈಯಿಂದಲೇ ಬರಬೇಕು. ಚಹಾದಂಗಡಿಯಲ್ಲಿ ಕೂತು ಕೇಳಿದರೆ ಹತ್ತು ಹಾಡುಗಾರರೂ ಒಬ್ಬರೇ ಅನ್ನಿಸುತ್ತದೆ.

ರಾಚವ್ವ ತೊದಲುತ್ತಾಳೆ. ಸಿಟ್ಟು ಬಂದರೆ ಹಾಡುವಾಗಲೂ. ನಮ್ಮನ್ನು ಕರೆದು ಆಲ್ಬಂ ಮಾಡಿಸಿದ್ದು ಇಮಾಂಬಿ. ಯಾವ ಕಂಪನಿಗೂ ಸೇರದ ಆಕೆಯ ಸ್ವಂತ ಲೇಬಲ್ಲು, ಅಂದರೆ ಆಲ್ಬಂ ಹೊರತರುವ ಸಂಸ್ಥೆ, ಗದಗಿನ ಹಳೆಯ ಛಾಪಖಾನೆಯೊಂದರಲ್ಲಿತ್ತು. ನಾಲ್ಕು ದಿನದಲ್ಲಿ ಒಂಬತ್ತು ಹಾಡು ಮುಗಿಸಿದೆವು. ಆಲ್ಬಮ್ಮಿನ ಹೆಸರು ‘ಸುಮ್ಕಿರಂಗಿಲ್ಲ’. ಬೇರೆ ದಾರಿ ಕಾಣದೆ ಹದಗಾರನಿಗೆ ಕೊಟ್ಟೆವು.

ಹದವಾಗಿ ಬಂದದ್ದನ್ನು ರಾಚವ್ವ ಮೊದಲು ತನ್ನ ಅಪ್ಪ ಫಕೀರಪ್ಪನವರಿಗೆ ಕೇಳಿಸಿದಳು. ಅವರಿಗೆ ಕಣ್ಣು ಕಾಣುವುದಿಲ್ಲ. ಮಗ್ಗ ನಿಲ್ಲಿಸಿ ಎರಡು ಹಾಡು ಕೇಳಿದರು.

“ಚಲೋ ಹಾಡ್ಯಾಳ. ಯಾರ ಮಗಳು ಈಕಿ?” ಎಂದರು.

ರಾಚವ್ವ ಹಾಡು ನಿಲ್ಲಿಸಿ ಎದ್ದಳು. ನೇರ ಇಮಾಂಬಿಯ ಬಳಿಗೆ ನಡೆದಳು. ಹಿಂದೆ ನಾನು ಓಡಿದೆ.

“ಮುದ್ರಿ ಬ್ಯಾಡ್ರಿ ಅಕ್ಕಾರ. ನಾ ಹಾ... ಹಾಡಿದ್ಹಂಗ ಬಿಡ್ರಿ.”

“ಬಿಟ್ರ ನನ್ನ ಪರವಾನಿಗಿ ಹೋಗತೈತಿ. ಗೊತ್ತೈತಿಲ್ಲ?” ಇಮಾಂಬಿ ಕೇಳಿದಳು.

“ಗೊ... ಗೊತ್ತೈತ್ರಿ.”

“ಮತ್ತ ತಡಾ ಯಾಕ? ಇವತ್ತ ಒತ್ತೂಣು,” ಎಂದು ಇಮಾಂಬಿ ಎದ್ದಳು.

ಮುದ್ರೆಯಿಲ್ಲದೆಯೇ ಮುನ್ನೂರು ಹಾಡಿನ ತಟ್ಟೆ ಒತ್ತಿದೆವು. ಮೊದಲನೆಯದು ಫಕೀರಪ್ಪನವರಿಗೆ. ಮೊದಲ ಸಾಲಿಗೇ ಅವರು, “ಸಾವಕಾಶ ಹಾಡಬೇ, ಗಂಟಲಾ ಹರದೀತು!” ಎಂದು ಮಗಳ ಮೇಲೆ ರೇಗಿದರು. ಉಳಿದವನ್ನು ಸಂತೆಯಲ್ಲಿ, ಕಾಲೇಜಿನ ಗೇಟಿನಲ್ಲಿ ಕೈಯಿಂದ ಕೈಗೆ ದಾಟಿಸಿದೆವು. ಹನ್ನೊಂದನೆಯ ದಿನ ಛಾಪಖಾನೆಗೆ ಬೀಗ ಬಿತ್ತು. ನನ್ನ ಶಾಲೆಯ ಕೆಲಸ ಹೋಯಿತು. ಇಮಾಂಬಿ ಕೊಪ್ಪಳದಲ್ಲಿ ತಂಗಿಯ ಮನೆಯಲ್ಲಿದ್ದುಕೊಂಡು ಬೇರೆ ಜಾಗ ಹುಡುಕುತ್ತಿದ್ದಾಳೆ. ಆಕೆಯ ಮುಖ ನೆನಪಾದಾಗಲೆಲ್ಲ, ಮಾಡಿದ್ದು ಸರಿಯೇ, ತಪ್ಪೇ ಎಂದು ಎದ್ದು ಓಡಾಡುತ್ತೇನೆ. ಲಕ್ಷ್ಮೇಶ್ವರದಲ್ಲಿ ಕೆಲವು ಹುಡುಗಿಯರು ನಮ್ಮ ಹಾಡನ್ನು ತೊದಲಿನ ಸಮೇತ ಹಾಡುತ್ತಿದ್ದಾರಂತೆ. ರಾಚವ್ವ ಉರಿದುಬಿದ್ದಳು: “ನಂದ್ಯಾಕ ಕದೀತಾರ? ಅವರದ ಹಾಡ್ಲಿ!”

ನಿಮ್ಮ ಕಾಲದ ಹಾಡುಗಳು ನಮ್ಮ ಸಂಗ್ರಹಾಲಯದಲ್ಲಿವೆ. ಅವನ್ನೂ ಹದಮಾಡಿಯೇ ಇಟ್ಟಿದ್ದಾರೆ. ನಮಗಿಂತ ಮೊದಲು ಕಿರುಚಿದವರ ದನಿ ಹೇಗಿತ್ತೋ ನಮಗೆ ತಿಳಿಯದು. ಅದಕ್ಕೇ ಬೇಡಿಕೊಳ್ಳುತ್ತೇನೆ. ನಿಮ್ಮೂರಿನ ಗ್ಯಾರೇಜಿನಲ್ಲೋ ಮಾಳಿಗೆಯ ಮೇಲೋ ಯಾರಾದರೂ ಹೀಗೆ ಹಾಡುತ್ತಿದ್ದರೆ, ಹಾಡಿದ ಹಾಗೆಯೇ ಒಂದು ಪ್ರತಿಯನ್ನು ತಗಡಿನ ಡಬ್ಬಿಯಲ್ಲಿಟ್ಟು ಬೆಟಗೇರಿಯ ಆಸುಪಾಸಿನಲ್ಲಿ ಆಳವಾಗಿ ಹೂತಿಡಿ.

ನಾವು ಅಗೆಯಲು ಶುರುಮಾಡಿದ್ದೇವೆ.

ನೀಲಲೋಚನಾ