ಅವ್ವ ರೀಲು ತೊಳೆದ ದಿನ

ಅಪ್ಪಾ,

ನೀನು ಹೋಗಿ ವರ್ಷ ಆಗ್ತಾ ಬಂತು. ನಿನ್ನ ಮೇಲಿನ ಸಿಟ್ಟು ಮಾತ್ರ ಎಲ್ಲಿಗೂ ಹೋಗಿಲ್ಲ. ನಿನ್ನೆ ನನ್ನ ಮಗಳು ಫೋನಿನಾಗೆ ಯಾವುದೋ ಹಳೇ ಕಪ್ಪು-ಬಿಳುಪು ಕಾರ್ಟೂನು ಹಾಕ್ಕೊಂಡು ನಗ್ತಿದ್ಲು. ಅವ್ವ ಪಕ್ಕದಾಗೆ ಕೂತು ನೋಡಿದ್ಲು, ನಗಲಿಲ್ಲ. ಎದ್ದು ಒಳಗೆ ಹೋದ್ಲು.

ನಿನ್ನ ಟೆಂಟು ಸಿನಿಮಾ ನೆನಪೈತಾ? ಚಳ್ಳಕೆರೆ, ಪರಶುರಾಂಪುರ, ಎಲ್ಲಿ ಹೂಡಿದ್ರೂ ದೊಡ್ಡ ಪಿಚ್ಚರ್ ಬಿಡೋಕೆ ಮುಂಚೆ ಅಂಥದ್ದೇ ಒಂದು ಕಾರ್ಟೂನು ಬೊಂಬೆ ರೀಲು ಓಡಲೇಬೇಕು ನಿನಗೆ. ಹುಂಜ ಬಾಣಲೆ ತಗೊಂಡು ನಾಯಿ ತಲೆಗೆ ಬಾರಿಸ್ತಿತ್ತು. ತಲೆ ರೊಟ್ಟಿ ಆಗ್ತಿತ್ತು. ನಾಯಿ ಮೈ ಕೊಡವಿಕೊಂಡು ಎದ್ದು ಬರ್ತಿತ್ತು, ಮತ್ತೆ ಏಟು ತಿನ್ತಿತ್ತು. ಪಿಚ್ಚರ್ ಬಿಡೋ ಮಿಷನ್ ಹಿಂದೆ ನಿಂತ್ಕೊಂಡು ಎಲ್ಲಾರಿಗಿಂತ ಜಾಸ್ತಿ ನೀನೇ ನಗ್ತಿದ್ದೆ. ನಾನೂ ನಗ್ತಿದ್ದೆ, ಸುಳ್ಳು ಯಾಕೆ ಹೇಳ್ಲಿ.

ಅವ್ವ ಮೊಳಕಾಲ್ಮೂರಿನ ಮಗ್ಗದ ಮನೆ ಹೆಣ್ಣು. ರೇಷ್ಮೆ ನೂಲನ್ನ ಸೋಪಿನ ಬಿಸಿನೀರಿಗೆ ಹಾಕಿ, ಜಾಲಾಡಿ, ಗಳಕ್ಕೆ ಒಣಗಹಾಕೋದು ಬಿಟ್ಟು ಬೇರೆ ಏನು ಕಲಿಸಿದ್ರು ಆಕೆಗೆ? ರೀಲು ಧೂಳು ಹಿಡಿದೈತೆ, ಪರದೆ ತುಂಬಾ ಗೆರೆ ಕಾಣ್ತೈತೆ ಅಂತ ನೀನೇ ದಿನಾ ಗೊಣಗ್ತಿದ್ದೆ. ನೀನು ಪೇಟೆಗೆ ಹೋದಾಗ ಅದನ್ನ ಪೂರ್ತಿ ಬಿಚ್ಚಿ, ನೂಲು ತೊಳೆದಂಗೇ ತೊಳೆದು, ಅಂಗಳದ ಗಳಕ್ಕೆ ಹಾಕಿದ್ಲು. ನಿನಗೆ ಖುಷಿ ಆಗ್ಲಿ ಅಂತ. ಹುಂಜ, ನಾಯಿ ಎಲ್ಲಾ ಬಿಸಿನೀರಿನಾಗೆ ಅಳಿಸಿಹೋಗಿತ್ತು.

ನೀನು ಬಂದೆ. ಗಳ ನೋಡಿದ್ದೇ ತಡ, ರೊಟ್ಟಿ ಹಂಚು ತಗೊಂಡು ಆಕೆಯ ಎಡಗೆನ್ನೆ, ಕಿವಿ ಸೇರಿಸಿ ಬಾರಿಸಿದೆ. ಬಿದ್ಲು. ಬಿದ್ದೋಳಿಗೆ ಇನ್ನೊಂದು ಬಾರಿಸಿದೆ. "ಏಳೇ, ಆ ನಾಯಿ ಏಳಲ್ವೇನೇ? ಏಳು" ಅಂದೆ. ಕಿವಿಯಿಂದ ರಕ್ತ ಇಳಿದು ಕುಪ್ಪಸ ನೆನೆದಿತ್ತು. ನಾನು ನಿನ್ನ ಕೈ ಕಚ್ಚಿದ್ದಕ್ಕೆ ಜಡೆ ಹಿಡಿದು ನನ್ನನ್ನ ಗೋಡೆಗೆ ಅಪ್ಪಳಿಸಿದೆ. ಆಮೇಲೆ ಗಳದ ಕೆಳಗೆ ಕೂತು ಆ ಖಾಲಿ ರೀಲು ಸವರ್ತಾ ಅಳ್ತಿದ್ದೆ. ರೀಲಿಗೆ ಅಳೋಕೆ ಬರ್ತಿತ್ತು ನಿನಗೆ, ಅವ್ವನಿಗೆ ಮಾತ್ರ...

ಆವತ್ತಿಂದ ಆ ಕಿವಿ ಕೇಳಿಸ್ಲೇ ಇಲ್ಲ. ಗೊತ್ತಾದ್ರೆ ಕಿವುಡಿ ಅಂತ ಅದಕ್ಕೂ ಹೊಡೀತೀಯ ಅಂತ ನೀನು ಸಾಯೋತನಕ ಅವ್ವ ನಿನಗೆ ಹೇಳಲಿಲ್ಲ. ಬಲಗಿವಿ ನಿನ್ನ ಕಡೆ ತಿರುಗಿಸಿಕೊಂಡೇ ಬಾಳ್ವೆ ಮಾಡಿದ್ಲು.

ಆಸ್ಪತ್ರೆಯಾಗೆ ಕೊನೇ ದಿನ ನೀನು ಆಕೆಯ ಕತ್ತು ಎಳ್ಕೊಂಡು, "ತಪ್ಪಾತು ಕಣೇ, ಆವತ್ತು ನಿನ್ನ ಹೊಡೀಬಾರದಿತ್ತು" ಅಂತ ಪಿಸುಗುಟ್ಟಿದೆ. ತಲೆದಿಂಬಿನ ಹತ್ರ ನಿಂತಿದ್ದ ನನಗೆ ಕೇಳಿಸ್ತು. ಆದ್ರೆ ನೀನು ಹೇಳಿದ್ದು ಎಡಗಿವಿಗೆ, ಅಪ್ಪ.

ನಿನ್ನೆ ಒಳಗೆ ಹೋದೋಳು ನನ್ನ ಕರೆದು ಕೇಳಿದ್ಲು. "ನಿಮ್ಮಪ್ಪ ಕೊನೇಗೆ ಏನೋ ಅಂದ್ನಲ್ಲ, ಏನೇ ಅದು?"

ಆ ಮಾತು ನೀನು ಒಡೆದ ಕಿವಿಯಾಗೇ ಕೊಳೀಲಿ ಅನ್ನಿಸ್ತು. "ನೀರು ಕೇಳಿದ" ಅಂದೆ.

"ನಾನು ಕೊಡಲಿಲ್ಲವಲ್ಲೇ" ಅಂತ ಗೋಡೆಗೆ ಒರಗಿ ಕೂತ್ಲು. ಆವಾಗಿಂದ ತುತ್ತು ಅನ್ನ ಮುಟ್ಟಿಲ್ಲ. ಹೊಡೆದವನ ಬಾಯಾರಿಕೆಗೆ ಇಷ್ಟು ಸಂಕಟನಾ?

ಈಗ ಹೋಗಿ ಅವ್ವನ ಬಲಗಿವಿ ಕಡೆ ಕೂತು ನಿನ್ನ ಮಾತು ಇದ್ದದ್ದು ಇದ್ದಂಗೆ ಹೇಳ್ತೀನಿ. ನಿನಗೋಸ್ಕರ ಅಲ್ಲ. ಆಕೆ ಊಟ ಮಾಡ್ಲಿ ಅಂತ.