ಮಂಗಳವಿಲ್ಲದ ಆಟ

ಬೈಕುಲ್ಲಾ, ಮುಂಬಯಿ
21 ಜುಲೈ 2024, ಭಾನುವಾರ

ಪ್ರೀತಿಯ ಮಗ ಪ್ರೀತಮನಿಗೆ ಅಮ್ಮನ ಆಶೀರ್ವಾದ.

ಹೇಗಿದ್ದೀಯಾ? ಹಡಗಿನ ಊಟ ಹೊಟ್ಟೆಗೆ ಹಿಡಿಯುತ್ತಿದೆಯಾ? ಬೆನ್ನುನೋವಿಗೆ ಕಳುಹಿಸಿದ ಎಣ್ಣೆ ಹಚ್ಚಿಕೊಳ್ಳುತ್ತೀಯೋ, ಪೆಟ್ಟಿಗೆಯಲ್ಲೇ ಇಟ್ಟಿದ್ದೀಯೋ? ನಿನಗೆ ಫೋನು ಹತ್ತುವುದೇ ಇಲ್ಲ, ಹತ್ತಿದರೂ ಹಲೋ ಹಲೋ ಎನ್ನುವುದರಲ್ಲೇ ಕಟ್ಟಾಗುತ್ತದೆ. ಅದಕ್ಕೇ ಕೈಯಲ್ಲಿ ಬರೆಯುತ್ತಿದ್ದೇನೆ. ನಿನ್ನ ಅಕ್ಕ ಲಾವಣ್ಯಾ ವಿಕ್ರೋಳಿಯಿಂದ ಬಂದಿದ್ದಾಳೆ, ಇದರ ಫೋಟೋ ತೆಗೆದು ಮೇಲ್ ಮಾಡುತ್ತಾಳಂತೆ. ಅಕ್ಷರ ಕೂಡಿಸಿ ಕೂಡಿಸಿ ಓದು, ಅವಸರ ಮಾಡಬೇಡ.

ನೀನು ರಜೆಯಲ್ಲಿ ಬಂದಾಗ ಅಪ್ಪನಿಗೆಂದು ಕಟ್ಟಿಕೊಟ್ಟ ಆ ಪುಟ್ಟ ಸರ್ವರ್ ಕಪಾಟಿನ ಮೇಲೆ ಚೆನ್ನಾಗಿಯೇ ನಡೆಯುತ್ತಿದೆ. ಇಂಟರ್ನೆಟ್ ಹೋದರೂ ಟಿವಿಯಲ್ಲಿ ಯಕ್ಷಗಾನದ ಆಟ ಬರುತ್ತದೆ. ಹೋಟೆಲಿನ ಗಲ್ಲಾದಿಂದ ಎದ್ದು ಹೋಗಿ ರಾತ್ರಿಯೆಲ್ಲ ವೇಷ ಹಾಕಿ ಕುಣಿದ ಮನುಷ್ಯ ಲಕ್ವ ಹೊಡೆದು, ಮಾತು ಹೋಗಿ ಮಲಗಿರುವಾಗ, ಅವರ ಹಳೆಯ ಆಟಗಳ ವಿಡಿಯೋ ಕ್ಯಾಸೆಟ್ಟುಗಳನ್ನೆಲ್ಲ ಅದರೊಳಗೆ ತುಂಬಿ, ಪೈಥಾನೋ ಏನೋ ಕಂಪ್ಯೂಟರ್ ಭಾಷೆಯಲ್ಲಿ ಏನೇನೋ ಬರೆದು ಕೂತೆಯಲ್ಲ, ಆಗ ನನಗೆ ಎಷ್ಟು ಹೆಮ್ಮೆಯಾಗಿತ್ತು ಗೊತ್ತಾ! ತನ್ನ ರಾಜವೇಷ ರಂಗಕ್ಕೆ ಬಂದ ಕೂಡಲೇ ಅಪ್ಪನ ಎಡಗೈ ಬೆರಳು ಚೆಂಡೆಯ ತಾಳಕ್ಕೆ ಹಾಸಿಗೆ ಬಡಿಯುತ್ತಿತ್ತು.

ಆದರೆ ಆಟ ಮುಗಿಯುವ ಹೊತ್ತಿಗೆ ಅವರಿಗೆ ಏನೋ ಆಗುತ್ತಿತ್ತು ಮಗಾ. ಮಂಚದ ಕಬ್ಬಿಣಕ್ಕೆ ಕೈ ಕುಟ್ಟಿ ಕುಟ್ಟಿ ಬೆರಳಿನ ಗಂಟಿನಲ್ಲಿ ರಕ್ತ. ಕಣ್ಣಲ್ಲಿ ನೀರು. ಟಿವಿಯಿಂದ ಉದ್ವೇಗ ಹೆಚ್ಚುತ್ತದೆ, ಬಂದ್ ಮಾಡಿ ಎಂದರು ಡಾಕ್ಟರು. ಬಂದ್ ಮಾಡಿದೆ. ಗೋಡೆ ನೋಡುತ್ತಾ ಮಲಗಿದರು. ನೋಡಲಾಗದೆ ಮತ್ತೆ ಹಾಕಿದೆ.

ಮೊನ್ನೆ ಸಂಜೆ ನಾನು ಅಡುಗೆಮನೆಯಲ್ಲಿ ಬಸಳೆ ಹೆಚ್ಚುತ್ತಿದ್ದೆ. ಒಳಗೆ ಟಿವಿಯಲ್ಲಿ ನಮ್ಮ ಮಂಡಳಿಯ ಭಾಗವತ ಐತಣ್ಣ ಕಥೆಯ ಕೊನೆಯ ಪದ ಹಾಡಿ ನಿಲ್ಲಿಸಿದ, ಅಷ್ಟರಲ್ಲಿ ಇನ್ನೊಂದು ಪ್ರಸಂಗದ ಚೆಂಡೆ ಶುರುವಾಯಿತು. ನನ್ನ ಬಾಯಿ ಮಾತ್ರ ತನ್ನಷ್ಟಕ್ಕೆ, ಆಟ ಮುಗಿಸುವಾಗ ದೇವರಿಗೆ ಹಾಡುವ ಮಂಗಳ ಹಾಡುತ್ತಿತ್ತು. ಇವರ ಕೈ ಕುಟ್ಟುವ ಸದ್ದು ನಿಂತಿದ್ದು ಆಗ ಗೊತ್ತಾಯಿತು. ಓಡಿ ಬಂದೆ. ನನ್ನನ್ನೇ ನೋಡುತ್ತಿದ್ದರು. ಅಯ್ಯೋ ದೇವರೇ, ಇಷ್ಟು ದಿನ ನನ್ನ ತಲೆಗೆ ಹೊಳೆಯಲಿಲ್ಲವಲ್ಲ! ಮಂಗಳ ಹಾಡುವ ಮೊದಲು ಅವರು ಯಾವತ್ತೂ ಗೆಜ್ಜೆ ಬಿಚ್ಚಿದವರಲ್ಲ. ಅರ್ಧದಲ್ಲಿ ವಿಪರೀತ ಜ್ವರ ಬಂದ ದಿನವೂ ರಂಗದ ಹಿಂದೆ ಬಣ್ಣ ಹಚ್ಚುವ ಚೌಕಿಯಲ್ಲಿ ವೇಷದಲ್ಲೇ ಕಾದು ಕೂತಿದ್ದರು.

ನೀನು ಅಂದಿದ್ದು ನೆನಪಾಯಿತು, "ಅಮ್ಮಾ, ಎಂಡಿಂಗಲ್ಲಿ ಖಾಲಿ ಪದ್ಯ ಉಂಟು, ಸ್ಟೋರಿ ಖತಂ. ಅಪ್ಪನಿಗೆ ರಿಮೋಟ್ ಒತ್ಲಿಕ್ಕೆ ಆಗುದಿಲ್ಲ ಅಲ್ವಾ, ಅದನ್ನು ಬಿಟ್ಟು ಸೀದಾ ನೆಕ್ಸ್ಟ್ ಆಟ ಬರುವ ಹಾಗೆ ಮಾಡಿದ್ದೇನೆ." ಸಿನಿಮಾದಲ್ಲಿ ಕೊನೆಗೆ ಹೆಸರು ಬರುತ್ತದಲ್ಲ, ಹಾಗೆ ಎಂದುಕೊಂಡಿದ್ದೆ ನೀನು. ನಿನ್ನ ತಪ್ಪೇನೂ ಇಲ್ಲ. ಚಿಕ್ಕಂದಿನಲ್ಲಿ ಆಟಕ್ಕೆ ಕರೆದುಕೊಂಡು ಹೋದರೆ ಪರದೆ ಏಳುವ ಮುಂಚೆಯೇ ನನ್ನ ಮಡಿಲಲ್ಲಿ ನಿದ್ದೆ ಹೋಗುತ್ತಿದ್ದೆ, ಮಂಗಳ ನೀನು ಕೇಳಿದ್ದಾದರೂ ಎಲ್ಲಿ?

ನಿನ್ನೆ ಲಾವಣ್ಯಾ ನಿನ್ನ ಬರಹವನ್ನೆಲ್ಲ ಲ್ಯಾಪ್‌ಟಾಪಿನಲ್ಲಿ ತೆಗೆದು ಮಂಗಳ ಹಾರಿಸುವ ಆ ಸಾಲು ಹುಡುಕಿದಳು. ಅದರ ಮುಂದೆ ಒಂದು ಗುರುತು ಹಾಕಿದರೆ ಸಾಕಂತೆ, ಸಾಲು ಇದ್ದಲ್ಲೇ ಇದ್ದು ಸುಮ್ಮನಾಗುತ್ತದಂತೆ. ಸಂಜೆ ಟಿವಿಯಲ್ಲಿ ಐತಣ್ಣ ಪೂರ್ತಿ ಮಂಗಳ ಹಾಡಿದ. ಅಪ್ಪ ಕೈ ಕುಟ್ಟಲಿಲ್ಲ. ಮೆಲ್ಲಗೆ ಎಡಗಾಲನ್ನು ನನ್ನ ಕಡೆ ಸರಿಸಿದರು. ನಾನು ಇಲ್ಲದ ಗೆಜ್ಜೆಯನ್ನು ಬಿಚ್ಚಿದೆ, ಅವರ ಕಣ್ಣಿಗೆ ಒತ್ತಿದೆ. ಲಾವಣ್ಯಾ ಬಾಗಿಲಲ್ಲಿ ನಿಂತು ಅತ್ತಳು, ನಾನೂ ಅತ್ತೆ. ಅವರು ಮಗುವಿನ ಹಾಗೆ ಮಲಗಿಬಿಟ್ಟರು.

ಆರೋಗ್ಯ ನೋಡಿಕೋ. ಡೆಕ್ಕಿನ ಮೇಲೆ ಮಳೆಯಲ್ಲಿ ನೆನೆಯಬೇಡ. ದೇವರು ನಿನ್ನನ್ನು ತಂಪಾಗಿ ಇಟ್ಟಿರಲಿ. ಅಕ್ಕನ ನೆನಪುಗಳು.

ಇತಿ ನಿನ್ನ ಅಮ್ಮ,
ಪ್ರಫುಲ್ಲಾ

ಮರೆತಿದ್ದೆ ಅಂತಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ: ಇವತ್ತು ಬೆಳಿಗ್ಗೆಯಿಂದ ಟಿವಿ ಬೇಡ ಎಂದು ಕೈ ಬೀಸುತ್ತಿದ್ದಾರೆ. ಗಂಜಿಯೂ ಬೇಡ. ಡಾಕ್ಟರು ಬಂದು ನೋಡಿ, ಮಗನನ್ನು ಕರೆಸಿಕೊಳ್ಳಿ ಎಂದರು. ಮುಂದಿನ ಬಂದರಿನಲ್ಲಿ ಇಳಿದು ಬಾ ಮಗಾ. ಆ ಸಾಲಿಗೆ ಗುರುತು ಹಾಕಿಸಿದ್ದಕ್ಕೆ ನನಗೆ ಬೇಸರವಿಲ್ಲ, ನೀನೂ ಮಾಡಿಕೊಳ್ಳಬೇಡ. ಮಂಗಳ ಆದ ಮೇಲೆ ವೇಷ ಕಳಚುವವರನ್ನು ತಡೆಯಬಾರದು, ನಾನು ತಡೆಯುವುದಿಲ್ಲ. ಪ್ರೀತಮ್ ಬರುವವರೆಗೆ ಮಾತ್ರ ಚೌಕಿಯಲ್ಲಿ ಕೂತಿರಿ ಎಂದು ಅವರ ಕಿವಿಯಲ್ಲಿ ಹೇಳಿದ್ದೇನೆ.