ಕಿವಿಯಲ್ಲಿ ಹತ್ತಿ

ಮಾರ್ಚ್ 4
ಮತ್ತೆ ಎಡಗೈ ಬರಹ. ಕಾಗೆಕಾಲು ಗುಬ್ಬಿಕಾಲು. ಓದುವವರು ಯಾರಿದ್ದಾರೆ, ಬಿಡು.

ಎಂದಿನಂತೆ ಬಲ ಮುಂಗೈ ಮೇಲೆ ತಟ್ಟುತ್ತಾ ಬಂದೆ. ಗಾಯದಿಂದ ಎಂಟು ಸೆಂಟಿಮೀಟರ್ ಕೆಳಗೆ ಜುಂ ಅಂತು. ನರ ಅಲ್ಲಿಯವರೆಗೆ ಬಂದಿದೆ ಎಂದರ್ಥ. ಪೆನ್ನಿನಲ್ಲಿ ಗುರುತು ಹಾಕಿದೆ, ಕೊರಳಲ್ಲಿದ್ದ ಟೇಪಿನಲ್ಲೇ ಅಳತೆ. ಕಾಲಿನ ನರ ತೆಗೆದು ಕೈಗೆ ಕಸಿ ಮಾಡಿ ಮೂರು ತಿಂಗಳು. "ದಿನಕ್ಕೆ ಒಂದೇ ಮಿಲಿಮೀಟರ್ ಅಮ್ಮ. ಬೇಡಿದ್ರೂ ಅಷ್ಟೇ, ಬೈದ್ರೂ ಅಷ್ಟೇ" ಎಂದಿದ್ದರು ಡಾಕ್ಟರು. ಬೆರಳ ತುದಿಗೆ ಇನ್ನೂ ಹದಿನೆಂಟು ಸೆಂಟಿಮೀಟರ್.

ಹೆಬ್ಬೆರಳು, ತೋರುಬೆರಳು, ನಡುಬೆರಳು — ಮೂರೂ ಮರಗಟ್ಟಿವೆ. ಸೂಜಿ ಹಿಡಿಯುವ ಬೆರಳುಗಳೇ!

ಮಾರ್ಚ್ 19
ನಮ್ಮ ಟೈಲರ್ ಅಂಗಡಿಯಲ್ಲಿ ಕತ್ತರಿ ಅಣ್ಣನದು, ಸೂಜಿ ನನ್ನದು. ಕೈಹೊಲಿಗೆ ಕೆಲಸವನ್ನೆಲ್ಲ ವಾಪಸ್ ಕಳಿಸುತ್ತಿದ್ದಾನೆ. ಟ್ರಯಲ್ ರೂಮಿನ ಕನ್ನಡಿ ಸೀಳು ಬಿಟ್ಟಿದೆ, ಬದಲಿಸಣ್ಣ ಎಂದು ಮೂರು ಸಲ ಹೇಳಿದ್ದೆ. ಕೊನೆಗೆ ನನ್ನ ಕೈ ಮೇಲೇ ಬಿತ್ತು. ಆವತ್ತಿನಿಂದ ಅವನು ನನಗೆ ಮುಖ ಕೊಟ್ಟು ಮಾತಾಡುವುದಿಲ್ಲ.

ಇವತ್ತು ಮೆಲ್ಲಗೆ ಕೇಳಿದ: "ಕಿಟಕಿ ಪಕ್ಕದ ಕುರ್ಚೀಲಿ ಬೇರೆ ಯಾರನ್ನಾದ್ರೂ ಕೂರಿಸ್ಲಾ?"

ಅದು ನನ್ನ ಕುರ್ಚಿ. "ಜುಲೈವರೆಗೆ ತಡಿ" ಎಂದೆ, ನರದ ಲೆಕ್ಕದಲ್ಲಿ ಸೆಪ್ಟೆಂಬರ್ ಆಗುತ್ತದೆಂದು ಗೊತ್ತಿದ್ದೂ.

ಜೂನ್ 27
ಕಣ್ಣು ಮುಚ್ಚಿ ಕೂತೆ. ಅಣ್ಣ ಒಂದೊಂದೇ ಬಟ್ಟೆ ತುಂಡು ಬಲಗೈಗೆ ಇಟ್ಟ. ಉಜ್ಜಿ ಉಜ್ಜಿ ಹೇಳಿದೆ — ರೇಷ್ಮೆ. ಕಾರ್ಡುರಾಯ್. ಟೆರಿಕಾಟ್. ಎಲ್ಲ ಸರಿ!

"ಭೇಷ್ ಕಣೇ!" ಎಂದು ಕುಣಿದೇಬಿಟ್ಟ. ಸಂಜೆಗೆ ಆರು ಕೋಟಿನ ಆರ್ಡರ್ ಒಪ್ಪಿಕೊಂಡ.

ಜೂನ್ 30
ಆಸ್ಪತ್ರೆಯಲ್ಲಿ ಕೈಗೆ ವ್ಯಾಯಾಮ ಮಾಡಿಸುವ ಥೆರಪಿ ಮೇಡಂ ಇದನ್ನು ಕೇಳಿ ನಕ್ಕರು. ಆಮೇಲೆ ಕಣ್ಣು ಮುಚ್ಚಿಸಿ, ನನ್ನ ಎರಡೂ ಕಿವಿಗೆ ಹತ್ತಿ ತುರುಕಿ ಅದೇ ತುಂಡುಗಳನ್ನು ಕೊಟ್ಟರು.

ಏನೂ ಇಲ್ಲ. ಗಾಳಿ ಹಿಡಿದ ಹಾಗೆ.

ಇಪ್ಪತ್ತೆರಡು ವರ್ಷ ಬಟ್ಟೆಯ ನಡುವೆ ಬದುಕಿದವಳು... ಉಜ್ಜಿದ ಸದ್ದಿನಿಂದಲೇ ಗುರುತು ಹಿಡಿದಿದ್ದೆ. ಬೇಕೆಂದು ಮಾಡಿದ್ದಲ್ಲ. ನನಗೇ ಗೊತ್ತಾಗಿರಲಿಲ್ಲ. ಅಣ್ಣ ಕೋಟಿನ ಬಟ್ಟೆ ವಾಪಸ್ ಕೊಟ್ಟು ಬರಲು ಹೋದ. ನಲ್ಲಿ ಜೋರಾಗಿ ಬಿಟ್ಟು ಅತ್ತೆ.

ಅಕ್ಟೋಬರ್ 11
ಬರೆಯಲು ಮನಸ್ಸಿರಲಿಲ್ಲ. ನರ ಲೆಕ್ಕಕ್ಕಿಂತ ನಿಧಾನ, ಗುರುತು ಈಗಷ್ಟೇ ಅಂಗೈ ದಾಟಿದೆ. ಅಣ್ಣನಿಗೆ ಹೇಳಿಲ್ಲ. ಜುಲೈ ಕಳೆದು ಎಷ್ಟಾಯಿತು, ಕುರ್ಚಿ ಖಾಲಿಯೇ. ಅವನು ಯಾರನ್ನೂ ಕರೆಯಲಿಲ್ಲ, ನಾನೂ ಕೇಳಲಿಲ್ಲ.

ಡಿಸೆಂಬರ್ 2, ಬೆಳಿಗ್ಗೆ
ಅಂಗಡಿ ಬಾಗಿಲು ತೆರೆಯುವ ಮೊದಲು ನಾನೇ ಕಿವಿಗೆ ಹತ್ತಿ ಇಟ್ಟುಕೊಂಡೆ. ಕಣ್ಣು ಮುಚ್ಚಿ ಕೈ ಚಾಚಿದೆ. ಅಣ್ಣ ಏನೋ ಇಟ್ಟ. ತುಂಬಾ ಹೊತ್ತು ಏನೂ ಇಲ್ಲ... ಆಮೇಲೆ ಬೆರಳ ತುದಿಯಲ್ಲಿ ಜುಮುಜುಮು. ದುಂಡಗಿದೆ. ಅಂಚಿದೆ.

"ಗುಂಡಿ ಕಣಣ್ಣಾ! ಕೋಟಿನ ಗುಂಡಿ!"

ಉತ್ತರವಿಲ್ಲ. "ತಪ್ಪಾ? ಯಾಕೆ ಸುಮ್ನಿದ್ದೀಯ, ಹೇಳು!"

ಕಣ್ಣು ಬಿಟ್ಟೆ. ಅಣ್ಣನ ತುಟಿ ಅಲ್ಲಾಡುತ್ತಲೇ ಇತ್ತು. ಏನೇನೋ ಹೇಳುತ್ತಾ, ಅಳುತ್ತಾ, ಕಿಟಕಿ ಪಕ್ಕದ ಕುರ್ಚಿಯ ಧೂಳು ಒರೆಸುತ್ತಿದ್ದ. ನನ್ನ ಕಿವಿಯಲ್ಲಿ ಇನ್ನೂ ಹತ್ತಿ!

ಈ ಸಾಲು ಬಲಗೈಯಲ್ಲಿ. ಪೆನ್ನು ಜಾರುತ್ತಿದೆ. ಇದೂ ಕಾಗೆಕಾಲೇ. ಅಣ್ಣ ಸೂಜಿಗೆ ದಾರ ಪೋಣಿಸಿ ಕರೆಯುತ್ತಿದ್ದಾನೆ, ಹೋಗ—